ಹೆಡ್‌ಸೆಟ್ಟಿನ ಮಾತು ಸ್ಟುಡಿಯೋಗೆ ತಲುಪುವ ಬಗೆ

ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿಯ ತೇರನ್ನೋ ಮೊಳಕಾಲ್ಮೂರಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನೋ ನೇರಪ್ರಸಾರ ಮಾಡುವಾಗ ಕ್ಯಾಮೆರಾದವರಿಗೆ ದೂರದ ಸ್ಟುಡಿಯೋದ ಸೂಚನೆ ಕೇಳಲೇಬೇಕು. ತೇರು ನಮಗಾಗಿ ಎರಡನೇ ಸಲ ಹೊರಡುವುದಿಲ್ಲ! ಇಂಟರ್‌ಕಾಮನ್ನು ಫೋನ್ ಲೈನಿಗೆ ಬೆಸೆಯುವುದು ಇಂಟರ್‌ಫೇಸ್ ಪೆಟ್ಟಿಗೆ.

ಇಂಟರ್‌ಕಾಮಿನ ಒಂದೇ ಲೈನಿನಲ್ಲಿ ಹೋಗುವ ಮಾತೂ ಬರುವ ಮಾತೂ ಬೆರೆತಿರುತ್ತವೆ. ಪೆಟ್ಟಿಗೆ ಅವನ್ನು ಬೇರ್ಪಡಿಸುತ್ತದೆ. ಅದು ಸರಿಯಾಗದಿದ್ದರೆ ಆಡಿದ ಮಾತೇ ಮರಳಿ ಕೇಳಿಸುತ್ತದೆ. ಆದ್ದರಿಂದ ಹೆಡ್‌ಸೆಟ್‌ಗಳನ್ನೆಲ್ಲ ಜೋಡಿಸಿ, ಮೈಕ್‌ಗಳನ್ನು ಬಂದ್ ಮಾಡಿ, ಪ್ರತಿಧ್ವನಿ ತೀರಾ ಕ್ಷೀಣಿಸುವವರೆಗೆ 'ನಲ್' ಗುಂಡಿ ತಿರುಗಿಸಬೇಕು. ವಾಲ್ಯೂಮ್ ಹೊಂದಿಸುವುದು ಆಮೇಲೆ. ನಾವೋ, ಕೇಳದಿದ್ದರೆ ಮೊದಲು ವಾಲ್ಯೂಮಿಗೇ ಕೈ ಹಾಕುತ್ತೇವೆ. ಅದರೊಡನೆ ಪ್ರತಿಧ್ವನಿಯೂ ಏರುತ್ತದೆ.

ಧರ್ಮಕೇಂದ್ರದ ಹಬ್ಬದ ಪ್ರಸಾರಕ್ಕೂ ಇದೇ ಕ್ರಮ. ಕೇಬಲ್ ಬದಲಾದರೆ 'ನಲ್' ಮತ್ತೆ ಮಾಡಿ. ಲೈನಿಗೆ ಟರ್ಮಿನೇಷನ್ ಒಂದೇ ಇರಲಿ. ಎರಡಾದರೆ ಧ್ವನಿ ಕುಗ್ಗುತ್ತದೆ.