ಕಬ್ಬಿಣದ ಗೆದ್ದಲು

2000ನೆಯ ಇಸವಿಯ ಆಗಸ್ಟ್ 19ನೆಯ ದಿನ. ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಕಾರ್ಲ್ಸ್‌ಬ್ಯಾಡ್ ಪಟ್ಟಣದ ಬಳಿ, ಪೇಕೋಸ್ ನದಿಯ ದಡದಲ್ಲಿ, ಸೇತುವೆಯೊಂದರ ಕೆಳಗೆ 12 ಮಂದಿ ಬಿಡಾರ ಹೂಡಿದ್ದರು. ಮುಂಜಾನೆ ಐದೂವರೆಯ ಹೊತ್ತಿಗೆ ಸಮೀಪದಲ್ಲೇ ನೆಲ ಬಿರಿಯಿತು. ಭೂಮಿಯಡಿ ಹೂತಿದ್ದ 30 ಅಂಗುಲ ವ್ಯಾಸದ ಅನಿಲದ ಕೊಳವೆ ಒಡೆದು, ಹೊರನುಗ್ಗಿದ ಅನಿಲಕ್ಕೆ ಬೆಂಕಿ ಹೊತ್ತಿತು. 55 ನಿಮಿಷ ಉರಿದ ಆ ಜ್ವಾಲೆಗೆ 12 ಮಂದಿಯೂ ಬಲಿಯಾದರು.

ಆ ಕೊಳವೆಗೆ ಆಗ 50 ವರ್ಷ. ಕೇಡು ಅಡಗಿದ್ದುದು ಅದರ ಹೊಟ್ಟೆಯೊಳಗೆ. ಅನಿಲದೊಡನೆ ಹರಿದುಬಂದ ತೇವವೂ ಕಲ್ಮಷವೂ ತಗ್ಗಿನಲ್ಲಿ ನಿಂತು, ಗೆದ್ದಲು ಮರವನ್ನು ತಿನ್ನುವಂತೆ ಉಕ್ಕಿನ ಗೋಡೆಯನ್ನು ಒಳಗಿನಿಂದಲೇ ಕೊರೆದು ತೆಳುವಾಗಿಸಿದ್ದವು. ದ್ರವವನ್ನು ತಡೆದು ಹಿಡಿಯಬೇಕಾಗಿದ್ದ ಏರ್ಪಾಡು ಅರೆಬರೆ ಕಟ್ಟಿಕೊಂಡಿತ್ತು.

ಕೊಳವೆಯೊಳಗೆ ಅನಿಲದ ಒತ್ತಡದಿಂದಲೇ ಸಾಗುತ್ತ ಕೊಳೆ ತೆಗೆಯುವ, ಕಾಂತಶಕ್ತಿಯಿಂದ ಸವೆತವನ್ನು ಅಳೆಯುವ ಯಂತ್ರಗಳುಂಟು. ಕೆಲಸಗಾರರು ಅವನ್ನು ‘ಹಂದಿ’ ಎಂದು ಕರೆಯುವರು. ಆದರೆ ಹಳೆಯ ಕೊಳವೆಗಳ ಕಡಿದಾದ ತಿರುವುಗಳಲ್ಲಿ, ಇಕ್ಕಟ್ಟಾದ ಕವಾಟಗಳಲ್ಲಿ ಹಂದಿ ತೂರಲಾರದು. ಕಾರ್ಲ್ಸ್‌ಬ್ಯಾಡಿನ ಆ ಭಾಗದಲ್ಲಿಯೂ ಅದಕ್ಕೆ ದಾರಿಯಿರಲಿಲ್ಲ.

ಹಾಗೆಂದು ನೂರಾರು ಮೈಲಿ ನೆಲವನ್ನು ಅಗೆದು ನೋಡಲು ಕುಬೇರನ ಭಂಡಾರವೂ ಸಾಲದು. ಇಲ್ಲಿ ತಜ್ಞರ ನೆರವಿಗೆ ಬರುವುದು ನೀರಿನ ಸ್ವಭಾವವೇ. ಹರಿಯುವ ಅನಿಲವು ನೀರನ್ನು ಸ್ವಲ್ಪ ಏರಿನ ಮೇಲೆ ತಳ್ಳಬಲ್ಲದು. ಏರು ಒಂದು ಮಿತಿಯನ್ನು ದಾಟಿದರೆ ನೀರು ಹಿಂದಕ್ಕೆ ಜಾರಿ ತಗ್ಗಿನಲ್ಲಿ ನಿಲ್ಲುವುದು. ಅನಿಲದ ವೇಗ, ಒತ್ತಡ, ನೆಲದ ಏರಿಳಿತಗಳನ್ನು ಲೆಕ್ಕಹಾಕಿ ಅಂಥ ಮೊದಲ ತಗ್ಗನ್ನು ಗುರುತಿಸಬಹುದು. ಅಲ್ಲಿ ಮಾತ್ರ ಅಗೆದು, ಹೊರಗಿನಿಂದಲೇ ಶ್ರವಣಾತೀತ ಧ್ವನಿಯನ್ನು ಹಾಯಿಸಿ ಗೋಡೆಯ ದಪ್ಪವನ್ನು ಅಳೆಯುವರು. ಮೊದಮೊದಲ ತಗ್ಗುಗಳು ನಿರ್ಮಲವಾಗಿದ್ದರೆ ಮುಂದಿನ ಭಾಗಕ್ಕೆ ನೀರು ತಲುಪಿರುವ ಸಂಭವ ಕಡಿಮೆ. ಸವೆತ ಕಂಡರೆ ಆ ತುಂಡನ್ನಷ್ಟೇ ಬದಲಿಸಿ, ಮುಂದಿನ ತಗ್ಗುಗಳನ್ನೂ ಪರೀಕ್ಷಿಸುವರು. ನಾಲ್ಕಾರು ಗುಂಡಿಗಳ ಖರ್ಚಿನಲ್ಲಿ ಮೈಲಿಗಟ್ಟಲೆ ಕೊಳವೆಯ ಯೋಗಕ್ಷೇಮ ತಿಳಿಯುವುದು!

2002ರಲ್ಲಿ ಅಮೆರಿಕ ಸರ್ಕಾರವು ಜನರಿರುವೆಡೆಯ ಅನಿಲ ಕೊಳವೆಗಳನ್ನು 10 ವರ್ಷಗಳೊಳಗೆ ಪರೀಕ್ಷಿಸಬೇಕು, ಅನಂತರ 7 ವರ್ಷಕ್ಕೊಮ್ಮೆ ಮತ್ತೆ ನೋಡಬೇಕು ಎಂದು ಕಾನೂನು ಮಾಡಿತು.

ನೀರು ನಿಂತಲ್ಲಿ ತುಕ್ಕು ಹುಟ್ಟುವುದೆಂಬುದು, ಬಾಣಲೆಯನ್ನು ತೊಳೆದು ಪಸೆಯಿಲ್ಲದಂತೆ ಒರೆಸಿಡುವ ಗೃಹಿಣಿಗೆ ಹೊಸ ಮಾತಲ್ಲ. ಕಣ್ಣಿಗೆ ಕಾಣದ ನೆಲದಡಿಯಲ್ಲಿಯೂ ಆ ಮಾತನ್ನು ಮರೆಯಬಾರದೆಂದು ಕಲಿಯಲು 12 ಜೀವಗಳ ಬೆಲೆ ತೆರಬೇಕಾಯಿತು.