ಮುಖ್ಯಮಂತ್ರಿಯಾಗದ ಶಾಂತವೇರಿ

ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು? ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಡೆಯರಿಗೂ ಒಕ್ಕಲಿಗೂ ಜಗಳ ಹುಟ್ಟಿದ್ದು ಇಲ್ಲಿಂದ. ಗದ್ದೆ ಉಳುತ್ತಿದ್ದವರಲ್ಲಿ ಹೆಚ್ಚಿನವರು ದೀವರ ಜಾತಿಯವರು. ಒಡೆಯರ ಕೊಳಗ ದೊಡ್ಡದಾದಷ್ಟೂ ಇವರ ಪಣತ ಬರಿದಾಗುತ್ತಿತ್ತು. ಎಚ್. ಗಣಪತಿಯಪ್ಪ ಮುಂದೆ ನಿಂತು ರೈತ ಸಂಘ ಕಟ್ಟಿದರು, ನ್ಯಾಯವಾದ ಅಳತೆ ಕೇಳಿದರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದರೆ ಜೈಲಿಗೆ ಹೋಗುವುದು, ಮರುದಿನ ಮತ್ತೊಂದು ತಂಡ. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು. ರಾತ್ರಿ ಸಾಗರದ ರೈಲು ನಿಲ್ದಾಣದಲ್ಲೇ ಅವರ ಬಂಧನವಾಯಿತು.

ಸಮಾಜವಾದಿ ಪಕ್ಷದ ಕಡೆಯಿಂದ ಈ ಚಳವಳಿಗೆ ಹೆಗಲು ಕೊಟ್ಟವರು ಶಾಂತವೇರಿ ಗೋಪಾಲಗೌಡ. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆಯವರು, 1923ರಲ್ಲಿ ಹುಟ್ಟಿದವರು, 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. ಅವರದು ಒಕ್ಕಲಿಗರ ಮನೆ; ಹೋರಾಡಿದ್ದು ದೀವರ ಒಕ್ಕಲುಗಳ ಪರ. ಜಾತಿ ಲೆಕ್ಕ ಹಾಕಿಯೇ ಟಿಕೆಟ್ ಹಂಚುವ ಈ ಕಾಲದಲ್ಲಿ ಇದನ್ನು ಒತ್ತಿ ಹೇಳಬೇಕು.

1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದರು. ಕೈಯಲ್ಲಿ ಕಾಸಿರಲಿಲ್ಲ, ವೋಟಿನ ಜೊತೆ ನೋಟನ್ನೂ ಜನರೇ ಕೊಟ್ಟರು. 1957ರಲ್ಲಿ ಸೋತರು. ಮುಂದೆ 1962, 1967ರಲ್ಲಿ ತೀರ್ಥಹಳ್ಳಿ ಅವರನ್ನು ವಿಧಾನಸಭೆಗೆ ಕಳಿಸಿತು. ಗೇಣಿದಾರರ ಹಕ್ಕು, ಕನ್ನಡದಲ್ಲಿ ಆಡಳಿತ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು: ಕೊನೆವರೆಗೂ ಬಿಡದೆ ಹಿಡಿದ ವಿಷಯಗಳಿವು. 1972ರ ಜೂನ್ 9ರಂದು ತೀರಿಕೊಂಡಾಗ ವಯಸ್ಸು ಬರೀ 49.

ಸೋಲು, ಸೆರೆ ಕಂಡು ಕೊನೆಗೆ ಅಧಿಕಾರಕ್ಕೆ ಬಂದವರೂ ಇದ್ದಾರೆ. ಜಾಂಬಿಯಾದ ಹಕೈಂಡೆ ಹಿಚಿಲೆಮಾ ಐದು ಚುನಾವಣೆ ಸೋತು, ನಡುವೆ ಸೆರೆವಾಸ ಅನುಭವಿಸಿ, 2021ರಲ್ಲಿ ಅಧ್ಯಕ್ಷರಾದರು. ಗೋಪಾಲಗೌಡರಿಗೆ ಅಂಥ ದಿನ ಬರಲೇ ಇಲ್ಲ. ಅವರ ಸಮಾಜವಾದಿ ಬಳಗದಿಂದ ಬಂದ ಎಸ್. ಬಂಗಾರಪ್ಪ 1990ರಲ್ಲಿ, ಜೆ.ಎಚ್. ಪಟೇಲ್ 1996ರಲ್ಲಿ ಮುಖ್ಯಮಂತ್ರಿಗಳಾದರು. ಆ ಹೊತ್ತಿಗೆ ಬಂಗಾರಪ್ಪ ಕಾಂಗ್ರೆಸ್‌ನಲ್ಲಿದ್ದರು, ಪಟೇಲರು ಜನತಾದಳದಲ್ಲಿ.

ಆದರೆ ಕುರ್ಚಿಗಿಂತ ದೊಡ್ಡದು 1974ರಲ್ಲಿ ಬಂತು. ಗೋಪಾಲಗೌಡರು ಎದುರಿಸುತ್ತ ಬಂದ ಕಾಂಗ್ರೆಸ್ಸಿನ ದೇವರಾಜ ಅರಸು ಸರ್ಕಾರವೇ ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದೂ ಅದೇ ಸರ್ಕಾರ, 1973ರ ನವೆಂಬರ್ 1ರಂದು. ಮಲೆನಾಡಿನ ಒಕ್ಕಲುಗಳು ಉಳುವ ಗದ್ದೆಯ ಹಕ್ಕು ಕೇಳಿ ಡಿಕ್ಲರೇಶನ್ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಓದು ಬಾರದವನೂ ತನ್ನ ಬಾಯಿಂದಲೇ ತನ್ನ ಗದ್ದೆಯ ಕಥೆ ಹೇಳಬಹುದಿತ್ತು. ಆ ಒಂದು ನಿಯಮ ಬಡವರಿಗೆ ಕೊಟ್ಟ ಧೈರ್ಯ ಸಣ್ಣದಲ್ಲ.

ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಕಳೆದುಕೊಂಡು ಬೇರೆಡೆ ಬಂದು ನೆಲೆಸಿದ ಅನೇಕ ಶರಾವತಿ ಸಂತ್ರಸ್ತರ ಕುಟುಂಬಗಳು, ಉಳುವ ಜಾಗ ಅರಣ್ಯವೆಂದು ದಾಖಲೆಯಲ್ಲಿರುವ ಕಾರಣಕ್ಕೆ, ಹಕ್ಕುಪತ್ರಕ್ಕಾಗಿ ದಶಕಗಳಿಂದ ಅಲೆಯುತ್ತಿವೆ. ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ತೀರ್ಥಹಳ್ಳಿಯ ಶಾಸಕರು ಗೋಪಾಲಗೌಡರೇ.