ಕಟ್ಟಡ ಕಾರ್ಮಿಕರು ಎತ್ತರದಿಂದ ಬೀಳುವ ಅಪಘಾತಗಳು

ಕಟ್ಟಡ ನಿರ್ಮಾಣದಲ್ಲಿ ತೊಡಗಿದವರು ಸಾರವೆ, ಏಣಿ, ತಾರಸಿಯ ಅಂಚು ಅಥವಾ ಮುಚ್ಚದೆ ಬಿಟ್ಟ ತೆರಪುಗಳಿಂದ ಕೆಳಗೆ ಬೀಳುವುದು ನಿರ್ಮಾಣ ಕ್ಷೇತ್ರದ ಅತ್ಯಂತ ಗಂಭೀರ ಅಪಘಾತಗಳಲ್ಲೊಂದು. ಜಗತ್ತಿನ ಹಲವು ದೇಶಗಳಲ್ಲಿ ಈ ಕಾರ್ಮಿಕರ ಸಾವಿಗೆ ಇದೇ ಪ್ರಮುಖ ಕಾರಣ. ಅಪಾಯವು ನಗರಗಳ ಬಹುಮಹಡಿ ಕಟ್ಟಡಗಳಿಗೆ ಸೀಮಿತವಲ್ಲ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂತಹ ಊರುಗಳಲ್ಲಿ ಕಟ್ಟುವ ಒಂದೆರಡು ಅಂತಸ್ತಿನ ಮನೆಗಳಲ್ಲಿಯೂ ಇದೆ.

ತೀವ್ರತೆ

ಒಂದು ಅಂತಸ್ತಿನ ಎತ್ತರ ಸುಮಾರು 3 ಮೀಟರ್. ಅಲ್ಲಿಂದ ಜಾರಿದ ವ್ಯಕ್ತಿ 0.8 ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ. ಆಗಿನ ವೇಗ ಗಂಟೆಗೆ ಸುಮಾರು 28 ಕಿ.ಮೀ. ಏನನ್ನಾದರೂ ಹಿಡಿದುಕೊಳ್ಳಲು ಅಷ್ಟು ಸಮಯ ಸಾಲದು. ತಲೆ, ಬೆನ್ನುಹುರಿ, ಸೊಂಟ ಮತ್ತು ಹಿಮ್ಮಡಿಗಳಿಗೆ ಪೆಟ್ಟು ಬೀಳುವುದು ಸಾಮಾನ್ಯ.

ಕಾರಣಗಳು

ಸಣ್ಣ ಕಟ್ಟಡಗಳಲ್ಲಿ ಮರದ ಕಂಬಗಳನ್ನು ಹಗ್ಗದಿಂದ ಬಿಗಿದು ಸಾರವೆ ಕಟ್ಟುವ ರೂಢಿಯಿದೆ. ಹಳೆಯ ಹಗ್ಗ ಸಡಿಲವಾಗುವುದು, ಹಲಗೆಯನ್ನು ಕಟ್ಟದೆ ಇಡುವುದು, ಸಡಿಲ ಮಣ್ಣಿನಲ್ಲಿ ಕಂಬ ಕುಸಿಯುವುದು ಮುಖ್ಯ ಕಾರಣಗಳು. ತಲೆಯ ಮೇಲೆ ಬಾಂಡ್ಲಿ ಹೊತ್ತು ಏಣಿ ಹತ್ತುವವರಿಗೆ ಹಿಡಿದುಕೊಳ್ಳಲು ಒಂದೇ ಕೈ ಉಳಿಯುತ್ತದೆ. ಸಜ್ಜಾದ ಮೇಲೆ ನಿಂತು ಗಾರೆ ಬಳಿಯುವುದು, ಸೆಂಟ್ರಿಂಗ್ ಹಲಗೆ ಬಿಚ್ಚುವುದು ಸಹ ಅಪಾಯದ ಕೆಲಸಗಳೇ.

ಸುರಕ್ಷತಾ ಕ್ರಮಗಳು

ಬಿದ್ದವರನ್ನು ತಡೆಹಿಡಿಯುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದು ಮೊದಲ ಸೂತ್ರ. ತಾರಸಿಯ ಅಂಚಿಗೆ ಸುಮಾರು 1 ಮೀಟರ್ ಎತ್ತರದ ತಡೆಗಂಬಿ ಕಟ್ಟಬೇಕು. ಮೆಟ್ಟಿಲು ಮತ್ತು ಲಿಫ್ಟ್‌ಗಾಗಿ ಬಿಟ್ಟ ತೆರಪುಗಳನ್ನು ಮುಚ್ಚಬೇಕು. ಏಣಿಯು 4 ಅಡಿ ಎತ್ತರಕ್ಕೆ ಬುಡವು 1 ಅಡಿ ದೂರವಿರುವಂತೆ ಓರೆಯಾಗಿದ್ದು, ಹತ್ತಿ ಇಳಿಯುವ ಜಾಗಕ್ಕಿಂತ ಸುಮಾರು 1 ಮೀಟರ್ ಮೇಲಕ್ಕೆ ಚಾಚಿರಬೇಕು. ಸುರಕ್ಷತಾ ಬೆಲ್ಟನ್ನು ಗಟ್ಟಿಯಾದ ಆಧಾರಕ್ಕೆ, ಸಾಧ್ಯವಾದಷ್ಟೂ ತಲೆಗಿಂತ ಮೇಲೆ, ಬಿಗಿಯಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟಿನಲ್ಲಿ ಬಿದ್ದ ಹೊಡೆತವೆಲ್ಲ ಹೊಟ್ಟೆಯ ಮೇಲೆ ಬೀಳುವುದರಿಂದ ಭುಜ, ತೊಡೆಗಳನ್ನೂ ಬಳಸುವ ಪೂರ್ಣದೇಹದ ಬೆಲ್ಟ್ ಉತ್ತಮ. ಸಾರವೆ ಮತ್ತು ಏಣಿಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 3696.

ಕಾನೂನು

1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯಿದೆಯು 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುವಂತೆ ರೂಪುಗೊಂಡಿತು. ಸ್ವಂತ ವಾಸಕ್ಕಾಗಿ 10 ಲಕ್ಷ ರೂಪಾಯಿ ಮೀರದ ವೆಚ್ಚದಲ್ಲಿ ಮನೆ ಕಟ್ಟಿಸುವವರನ್ನು ಅದು ಹೊರಗಿಟ್ಟಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯಲ್ಲಿ ಈ ಮಿತಿ 50 ಲಕ್ಷ ರೂಪಾಯಿ. ಆದ್ದರಿಂದ ಹಳ್ಳಿಯ ಬಹುಪಾಲು ಮನೆಗಳ ಕೆಲಸ ಈ ಕಾನೂನಿನ ಸುರಕ್ಷತಾ ನಿಯಮಗಳ ಹೊರಗೇ ಉಳಿಯುತ್ತದೆ. ಅಲ್ಲಿ ಸುರಕ್ಷತೆಯು ಮನೆಯ ಯಜಮಾನ ಮತ್ತು ಮೇಸ್ತ್ರಿಯ ವಿವೇಚನೆಯನ್ನೇ ಅವಲಂಬಿಸಿದೆ.

ಕರ್ನಾಟಕದಲ್ಲಿ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು 2007ರಲ್ಲಿ ಸ್ಥಾಪನೆಯಾಯಿತು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ನೋಂದಾಯಿಸಿಕೊಳ್ಳಬಹುದು. ನೋಂದಾಯಿತರಿಗೆ ಅಪಘಾತ ಪರಿಹಾರದ ಸೌಲಭ್ಯವಿದೆ.

ಪ್ರಥಮ ಚಿಕಿತ್ಸೆ

ಬಿದ್ದವರನ್ನು ಎತ್ತಿ ಕೂರಿಸುವುದು, ನೀರು ಕುಡಿಸುವುದು ಸಲ್ಲದು. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಅಲುಗಾಟದಿಂದ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು. ತಲೆ ಮತ್ತು ಕತ್ತು ಅಲುಗದಂತೆ ಹಿಡಿದು, ರಕ್ತ ಸೋರುವೆಡೆ ಬಟ್ಟೆಯಿಂದ ಒತ್ತಿ, 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು.